ಮನೆಯ ಶೆಡ್ಡಿನಲ್ಲಿರುವ ಕಾರಿಗೂ ಲಾಕ್ ಬೇಕೇ?

ಪ್ರಶ್ನೆ: ನಮ್ಮ ಮನೆಗೆ ಕಾಂಪೌಂಡ್, ಗೇಟು, ಶೆಡ್ಡಿಗೆ ಷಟರ್ ಎಲ್ಲ ಇವೆ. ಒಳಗೆ ನಿಲ್ಲಿಸಿದ ಕಾರನ್ನೂ ಲಾಕ್ ಮಾಡಬೇಕೇ? ಕೀ ಕಾರಿನಲ್ಲೇ ಬಿಟ್ಟರೆ ತೊಂದರೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಲಾಕ್ ಮಾಡಲೇಬೇಕು. ಕಳ್ಳರ ಮಾತು ಆಮೇಲೆ, ಮೊದಲು ಮಕ್ಕಳು. ಆಡುತ್ತ ಕಾರಿನೊಳಗೆ ಹತ್ತಿದ ಮಗು ಹಿಂದಿನ ಬಾಗಿಲು ಎಳೆದುಕೊಂಡರೆ, ಚೈಲ್ಡ್ ಲಾಕ್ ಹಾಕಿದ್ದಲ್ಲಿ ಒಳಗಿನಿಂದ ಅದು ತೆರೆಯುವುದಿಲ್ಲ. ಮುಚ್ಚಿದ ಕಾರು ಬೇಗ ಕಾಯುತ್ತದೆ, ಪುಟ್ಟ ಮಕ್ಕಳ ಮೈ ಅದನ್ನು ತಡೆಯದು. ಹಿಂದಿನ ಸೀಟು, ಡಿಕ್ಕಿ ನೋಡಿಯೇ ಲಾಕ್ ಮಾಡಿ.

ಕೀ ಒಳಗೆ ಬಿಡುವುದಂತೂ ಬೇಡ. ಕಾರು ಕಳುವಾದರೆ ವಿಮಾ ಕಂಪನಿ ಸಾಮಾನ್ಯವಾಗಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದು ಕಾರಿನ ಜೊತೆಗೇ ಹೋಗಿದ್ದರೆ ಮಾಲೀಕರ ಅಜಾಗರೂಕತೆ ಎಂದು ತಕರಾರು ತೆಗೆಯಲು ದಾರಿಯಾಗುತ್ತದೆ.

ಬಟನ್ ಸ್ಟಾರ್ಟ್ ಕಾರಾದರೆ (ಕೀ ಹತ್ತಿರವಿದ್ದರೆ ಸಾಕು, ತಿರುಗಿಸಬೇಕಿಲ್ಲ) ಕೀಯನ್ನು ಶೆಡ್ಡಿಗೆ ಅಂಟಿದ ಗೋಡೆಯ ಮೊಳೆಗೆ ತೂಗುಹಾಕಬೇಡಿ. ಕೀ ತೀರಾ ಹತ್ತಿರವಿದ್ದರೆ ಕೆಲವು ಕಾರುಗಳು ಅದರೊಂದಿಗೆ ಸಂಪರ್ಕದಲ್ಲೇ ಇದ್ದು, ಕೀಯ ಸೆಲ್ಲೂ ಕಾರಿನ 12 ವೋಲ್ಟ್ ಬ್ಯಾಟರಿಯೂ ಬೇಗ ಇಳಿಯುತ್ತವೆ. ಕೀಯ ಸಿಗ್ನಲ್ ಅನ್ನು ಉಪಕರಣದಿಂದ ದೂರಕ್ಕೆ ದಾಟಿಸಿ ಬಾಗಿಲು ತೆರೆಯುವ ಕಳ್ಳತನವೂ ಉಂಟು. ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಇಡಬಹುದು; ಆದರೆ ಡಬ್ಬಿ ಹಿಡಿದು ಕಾರಿನ ಬಳಿ ನಿಂತು ಹಿಡಿಕೆಯ ಬಟನ್ ಒತ್ತಿ ನೋಡಿ. ಬಾಗಿಲು ತೆರೆದರೆ ಆ ಡಬ್ಬಿ ಪ್ರಯೋಜನವಿಲ್ಲ.

ಲಾಕ್ ಬಿದ್ದಿದೆಯೇ ಎಂದು ನೋಡುವಾಗ ಕೀ ಜೇಬಿನಲ್ಲಿರಬಾರದು, ಹಿಡಿಕೆ ಮುಟ್ಟಿದ ಕೂಡಲೇ ಕೆಲವು ಕಾರು ತೆರೆದುಕೊಳ್ಳುತ್ತವೆ. ಕೀಯನ್ನು ಮನೆಯೊಳಗಿಟ್ಟು ಬಂದು ಎಳೆಯಿರಿ.

ಇಲಿಗೆ ಮಾತ್ರ ಲಾಕ್ ಲೆಕ್ಕಕ್ಕಿಲ್ಲ, ಅದು ಬಾನೆಟ್ ಕೆಳಗಿನಿಂದ ಬರುತ್ತದೆ. ಇಂಜಿನ್ ಆಫ್ ಮಾಡುವ ಮುನ್ನ ಎಸಿಯನ್ನು ಒಳಗಾಳಿಗೆ (ಹೊರಗಿನ ಗಾಳಿ ಬಾರದೆ ಒಳಗಿನದೇ ಸುತ್ತುವ ಸೆಟ್ಟಿಂಗ್) ತಿರುಗಿಸಿದರೆ ಕ್ಯಾಬಿನ್ನಿಗೆ ನುಗ್ಗುವ ಒಂದು ದಾರಿಯಾದರೂ ಮುಚ್ಚುತ್ತದೆ.