ಶನಿವಾರ ಆ ಗಾಲ್ಫ್ ಸೆಟ್ ಕೊಳ್ಳಲು ಹಣ ಕಟ್ಟುವ ಮುನ್ನ

ನೀವು ನಮ್ಮ ಗಾಲ್ಫ್ ಗುಂಪಿನಲ್ಲಿ ಹಾಕಿರುವ ಮೂರು ಚಿತ್ರಗಳನ್ನೂ ಅಂಗಡಿಯಲ್ಲಿ ಹೊಡೆತ ಅಳೆಯುವ ಸಿಮ್ಯುಲೇಟರಿನ ಪರದೆಯನ್ನೂ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ವಯಸ್ಸು 47, ಹ್ಯಾಂಡಿಕ್ಯಾಪ್ (ಆಟದ ಮಟ್ಟದ ಅಂಕಿ, ಕಡಿಮೆಯಿದ್ದಷ್ಟೂ ಆಟ ಚೆನ್ನ) 22, ಅತಿ ದೂರ ಹೊಡೆಯುವ ಕೋಲಾದ ಡ್ರೈವರಿನ ಸ್ವಿಂಗ್ ವೇಗ ಗಂಟೆಗೆ 88ರಿಂದ 91 ಮೈಲಿ, ಆಟ ಭಾನುವಾರಕ್ಕೊಂದು ಸುತ್ತು, ಈಗ ಕೈಯಲ್ಲಿರುವುದು 65 ಗ್ರಾಂ ಗ್ರಾಫೈಟ್ ಶಾಫ್ಟಿನ (ಕೋಲಿನ ದಂಡದ) ಹಳೆಯ ಸೆಟ್ಟು ಎಂದು ಬರೆದಿದ್ದೀರಿ. ಮರುಸಾಲಿನಲ್ಲೇ ಡೈನಾಮಿಕ್ ಗೋಲ್ಡ್ ಎಸ್300 ಎಂಬ ಸ್ಟೀಲ್ ಶಾಫ್ಟ್ ಕೂರಿಸಿದ, ಪಳಗಿದವರು ಬಳಸುವ ತೆಳು ಹೆಡ್ಡಿನ ಮಸಲ್‌ಬ್ಯಾಕ್ ಐರನ್‌ಗಳನ್ನೂ ಮುಖದ ಓರೆ (ಲಾಫ್ಟ್) 9 ಡಿಗ್ರಿಯಿರುವ ಡ್ರೈವರನ್ನೂ ಶನಿವಾರ ಕೊಳ್ಳುವುದಾಗಿ ಹೇಳಿದ್ದೀರಿ. ಅದಕ್ಕೆ ಕೊಟ್ಟ ಕಾರಣ, ಮಧ್ಯಮ ದೂರದ 7 ಐರನ್ನಿನಲ್ಲಿ ಒಂದು ಚೆಂಡು 158 ಗಜ ಹೋಯಿತೆಂಬುದು. ನಿಮ್ಮದೇ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ: ಅದು ಉರುಳಿದ್ದೂ ಸೇರಿದ ಒಟ್ಟು ದೂರ, ಪಕ್ಕದ ಸಣ್ಣ ಅಂಕಿಯಲ್ಲಿ ಕ್ಯಾರಿ, ಅಂದರೆ ಗಾಳಿಯಲ್ಲಿ ಹಾರಿದ ದೂರ, 141 ಎಂದಿದೆ. ಉಳಿದ ಹನ್ನೊಂದು ಹೊಡೆತಗಳ ಅಂಕಿಗಳನ್ನು ನೀವು ಹಾಕಿಲ್ಲ.

ಇದನ್ನು ಇಷ್ಟು ಖಾರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದೇ ಶಾಫ್ಟನ್ನು, ಇದೇ ತರ್ಕದಿಂದ, ಹದಿಮೂರು ವರ್ಷಗಳ ಹಿಂದೆ ನಾನೂ ಕೊಂಡಿದ್ದೆ. ನನ್ನೊಡನೆ ಆಡುತ್ತಿದ್ದ ಹಿರಿಯರೊಬ್ಬರ ಹ್ಯಾಂಡಿಕ್ಯಾಪ್ 4. ಅವರ ಐರನ್ನಿನಿಂದ ಬರುವ ಸದ್ದಿಗೆ ಮರುಳಾಗಿ ಅದೇ ಹೆಡ್ಡು, ಅದೇ ಶಾಫ್ಟು ತರಿಸಿದೆ. ಹದಿನೆಂಟು ಹೋಲುಗಳ ಸುತ್ತಿನಲ್ಲಿ ಮೊದಲ ಮೂರರಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಒಂಬತ್ತು ದಾಟಿದ ಮೇಲೆ ಚೆಂಡು ಬಲಕ್ಕೆ ಜಾರತೊಡಗುತ್ತಿತ್ತು, ಹದಿನಾಲ್ಕನೆಯ ಹೋಲಿನ ಹೊತ್ತಿಗೆ ಗ್ರೀನಿನ (ಕುಳಿಯಿರುವ ಹುಲ್ಲುಹಾಸಿನ) ಬಲಬದಿಯ ಬಂಕರು, ಅಂದರೆ ಮರಳುಗುಂಡಿ, ನನ್ನ ಸ್ವಂತ ಆಸ್ತಿಯಂತಾಗಿತ್ತು. ನನ್ನ ಚೀಲ ಹೊರುತ್ತಿದ್ದ ಕ್ಯಾಡಿ ಒಂದು ದಿನ ತಡೆಯಲಾರದೆ, "ಸಾರ್, ಕೋಲು ನಿಮ್ಮನ್ನು ಬೀಸ್ತಾ ಇದೆ, ನೀವು ಕೋಲನ್ನಲ್ಲ" ಎಂದ. ಅವನ ಮಾತನ್ನು ಆಗಲೇ ಕೇಳಬೇಕಿತ್ತು. ಕೇಳದೆ ಇನ್ನೂ ಎಂಟು ತಿಂಗಳು ಅಭ್ಯಾಸದ ರೇಂಜಿನಲ್ಲಿ ಮ್ಯಾಟಿನ ಮೇಲೆ ಬುಟ್ಟಿಗಟ್ಟಲೆ ಚೆಂಡು ಹೊಡೆದೆ. ಫಲವಾಗಿ ಎಡ ಮೊಣಕೈಯ ಹೊರಬದಿಯಲ್ಲಿ ಹತ್ತಿಕೊಂಡ ನೋವು ಬೆಳಗಿನ ಕಾಫಿ ಲೋಟ ಎತ್ತುವಾಗಲೂ ಚುಚ್ಚುತ್ತಿತ್ತು, ಎರಡು ತಿಂಗಳು ಫಿಸಿಯೋಥೆರಪಿ ಆಯಿತು, ಸೆಟ್ಟು ಅರ್ಧ ಬೆಲೆಗೆ ಹೋಯಿತು.

ಆದ್ದರಿಂದ ನನ್ನ ಮೊದಲ ಮಾತು: ಶಾಫ್ಟಿನ ಮೇಲಿರುವ, ಅದರ ಗಡಸುತನ ಹೇಳುವ ಅಕ್ಷರವನ್ನು ಮರೆತು ಮೊದಲು ತೂಕವನ್ನು ನಿಶ್ಚಯಿಸಿಕೊಳ್ಳಿ. ಆರ್, ಎಸ್, ಎಕ್ಸ್ ಎಂಬ ಅಕ್ಷರಗಳಿಗೆ ಎಲ್ಲ ತಯಾರಕರೂ ಒಪ್ಪಿದ ಯಾವ ಅಳತೆಯೂ ಇಲ್ಲ. ಒಬ್ಬರ ಎಸ್ ಇನ್ನೊಬ್ಬರ ಆರ್‌ಗಿಂತ ಮೃದುವಾಗಿರಬಹುದು. ತೂಕ ಹಾಗಲ್ಲ, ತಕ್ಕಡಿಯಲ್ಲಿ ಇಟ್ಟರೆ ಸುಳ್ಳು ಹೇಳುವುದಿಲ್ಲ. ಎಸ್300 ಕತ್ತರಿಸುವ ಮುನ್ನ ಸುಮಾರು 130 ಗ್ರಾಂ ಇರುತ್ತದೆ. ನಿಮ್ಮ ಈಗಿನದು 65. ಅಂದರೆ ಒಂದೇ ಜಿಗಿತದಲ್ಲಿ ನೀವು ಶಾಫ್ಟಿನ ತೂಕವನ್ನು ಇಮ್ಮಡಿ ಮಾಡಿಕೊಳ್ಳುತ್ತಿದ್ದೀರಿ. ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ: ನಿಪ್ಪೋನ್ ಎನ್.ಎಸ್. ಪ್ರೊ 950ಜಿಎಚ್ 95ರಿಂದ 98 ಗ್ರಾಂ, ಅದೇ ಡೈನಾಮಿಕ್ ಗೋಲ್ಡಿನಲ್ಲೇ 105 ಎಂಬ ಹಗುರದ ಮಾದರಿ, ಗ್ರಾಫೈಟಿನಲ್ಲಿ 75, 85 ಮತ್ತು 95 ಗ್ರಾಮಿನವು. ಸ್ಟೀಲ್ ಎಂದರೆ ಗಂಡಸುತನ, ಗ್ರಾಫೈಟ್ ಎಂದರೆ ಮುದುಕರದು ಎಂಬ ಮಾತು ಈ ಗುಂಪಿನಲ್ಲಿ ಆಗಾಗ ಕೇಳಿಬರುತ್ತದೆ. ಹಾಗೆ ಬರೆಯುವವರ ಸ್ಕೋರ್ ಕಾರ್ಡು ಮಾತ್ರ ಯಾಕೋ ಎಂದೂ ಕಾಣಿಸುವುದಿಲ್ಲ.

ತೂಕ ಕಡಿಮೆಯಾದಷ್ಟೂ ಒಳ್ಳೆಯದೆಂದು ಇದರ ಅರ್ಥವಲ್ಲ, ಆ ಕಡೆಯ ಹೊಂಡಕ್ಕೂ ನಾನು ಬಿದ್ದು ಎದ್ದವನೇ. ನೋವು ಬಂದ ಮೇಲೆ ಹೆದರಿ 60 ಗ್ರಾಮಿನ ಶಾಫ್ಟಿಗೆ ಇಳಿದಾಗ ಕೈಗಳು ದೇಹಕ್ಕಿಂತ ಮುಂದೆ ಓಡಿ, ಒಂದು ಚೆಂಡು ಟೋಗೆ (ಮುಖದ ಹೊರತುದಿಗೆ), ಮುಂದಿನದು ಹೀಲಿಗೆ (ಶಾಫ್ಟಿನ ಬದಿಗೆ) ತಗುಲತೊಡಗಿತು. ಕೊನೆಗೆ ನನಗೆ ಒಗ್ಗಿದ್ದು 95. ನಿಮಗೆ 80 ಇರಬಹುದು, 105 ಇರಬಹುದು. ಅದನ್ನು ನಾನು ಇಲ್ಲಿ ಕುಳಿತು ಹೇಳಲಾರೆ, ನಿಮ್ಮ ಕ್ಲಬ್ಬಿನ, ಅಂದರೆ ಕೋಲಿನ, ಮುಖವೇ ಹೇಳಬೇಕು.

ಅದನ್ನು ಹೇಳಿಸುವ ವಿಧಾನ ಸರಳ. ಮಕ್ಕಳ ಪಾಠದ ಬಿಳಿ ಹಲಗೆಗೆ ಬಳಸುವ ನೀಲಿ ಮಾರ್ಕರ್ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ. 7 ಐರನ್ನಿನ ಮುಖವನ್ನು ಪೂರ್ತಿ ಬಳಿಯಿರಿ. ಚೆಂಡು ತಗುಲಿದಲ್ಲಿ ಬಣ್ಣ ಎದ್ದು ಹೋಗಿ ಬಿಳಿಯ ವೃತ್ತ ಉಳಿಯುತ್ತದೆ. ಐದು ಚೆಂಡು ಹೊಡೆದ ಮೇಲೆ ಫೋನಿನಲ್ಲಿ ಚಿತ್ರ ತೆಗೆದು, ಒಣಬಟ್ಟೆಯಿಂದ ಒರೆಸಿ, ಮತ್ತೆ ಬಳಿಯಿರಿ. ಪರೀಕ್ಷಿಸುವ ಎರಡು ಶಾಫ್ಟುಗಳನ್ನು ಒಂದಾದ ಮೇಲೆ ಒಂದರಂತೆ ಮುಗಿಸದೆ ಐದೈದು ಚೆಂಡಿಗೆ ಅದಲುಬದಲು ಮಾಡಿ, ಇಲ್ಲವಾದರೆ ಎರಡನೆಯದಕ್ಕೆ ಬೆಚ್ಚಗಾದ ಮೈಯ ಲಾಭ ಸಿಗುತ್ತದೆ. ಇನ್ನೂ ಮುಖ್ಯವಾದದ್ದು, ಈ ಪರೀಕ್ಷೆಯನ್ನು ತಾಜಾ ಮೈಯಲ್ಲಿ ಮಾಡಬೇಡಿ. ಒಂಬತ್ತು ಹೋಲು ಆಡಿ ಬಂದ ಮೇಲೆ ಅಥವಾ ನಲವತ್ತು ಚೆಂಡು ಹೊಡೆದು ಬೆವರಿದ ಮೇಲೆ ಮಾಡಿ, ಏಕೆಂದರೆ ಸುತ್ತಿನ ಅರ್ಧ ಹೊಡೆತಗಳನ್ನು ನೀವು ಆ ದಣಿದ ಮೈಯಿಂದಲೇ ಹೊಡೆಯುತ್ತೀರಿ. ಅಂಗಡಿಯ ತಂಪು ಕೋಣೆಯಲ್ಲಿ, ಪಕ್ಕದಲ್ಲಿ ನಿಂತವರು ಭೇಷ್ ಎನ್ನುತ್ತಿರುವಾಗ ಬೀಸುವ ಸ್ವಿಂಗು ನಿಮ್ಮದಲ್ಲ.

ಮೂರು ಬೇರೆ ಬೇರೆ ದಿನ, ದಿನಕ್ಕೆ ಮೂವತ್ತು ಚೆಂಡು ಸಾಕು. ಅತಿ ಒಳ್ಳೆಯ ಹೊಡೆತವನ್ನು ಲೆಕ್ಕದಿಂದ ಬಿಡಿ, ಅತಿ ಕೆಟ್ಟದ್ದನ್ನು ಬಿಡಬೇಡಿ. ನಾನು ಹೀಗೆ ಮಾಡಿದಾಗ 130 ಗ್ರಾಮಿನ ಶಾಫ್ಟಿನಲ್ಲಿ ಗುರುತುಗಳು ಹೀಲಿನತ್ತಲೂ ತಳದ ಅಂಚಿಗೂ ಇಳಿಯುತ್ತಾ ಹೋದವು. 95 ಗ್ರಾಮಿನದರಲ್ಲಿ ಹದಿನೈದರಲ್ಲಿ ಹನ್ನೊಂದು ಗುರುತುಗಳು ಒಂದರ ಮೇಲೊಂದು ಬಿದ್ದು, ನಡುವೆ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪವೇ ದೊಡ್ಡದಾದ ಒಂದು ಬಿಳಿ ಮಚ್ಚೆ ಮೂಡಿತ್ತು. ದೂರದಲ್ಲಿ ಅತಿ ಉದ್ದದ ಹೊಡೆತ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ, ಆದರೆ ಅತಿ ಗಿಡ್ಡ ಹೊಡೆತದಲ್ಲಿ ಇಪ್ಪತ್ತು ಗಜದ ಅಂತರವಿತ್ತು. ಅಂಗಡಿಯ ಅಂಕಿಗಳಲ್ಲಿ ಆ ಇಪ್ಪತ್ತು ಗಜ ಕಾಣುವುದಿಲ್ಲ. ಗ್ರೂವುಗಳಲ್ಲಿ (ಮುಖದ ಗೀರುಗಳಲ್ಲಿ) ಉಳಿದ ಮಸಿಯನ್ನು ಆಡುವ ಮುನ್ನ ಬ್ರಷ್ ಹಾಕಿ ತೆಗೆಯಿರಿ. ಮುಖಕ್ಕೆ ಏನನ್ನಾದರೂ ಬಳಿದುಕೊಂಡು ಸ್ಪರ್ಧೆಯ ಸುತ್ತು ಆಡುವುದು ನಿಯಮಕ್ಕೆ ವಿರುದ್ಧ.

ಅದೇ ಮಾರ್ಕರಿನಿಂದ ಲೈ ಕೋನವನ್ನೂ (ಶಾಫ್ಟು ನೆಲದೊಡನೆ ಮಾಡುವ ಕೋನ) ನೋಡಿಬಿಡಬಹುದು. ಚೆಂಡಿನ ಮೇಲೆ ಒಂದು ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಕ್ಲಬ್ಬಿನ ಮುಖವನ್ನು ನೋಡುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆ ಗ್ರೂವುಗಳಿಗೆ ಲಂಬವಾಗಿದ್ದರೆ ಸರಿ. ಮೇಲ್ತುದಿ ಟೋ ಕಡೆಗೆ ವಾಲಿದ್ದರೆ ಕ್ಲಬ್ಬು ನಿಮಗೆ ಅತಿ ನೆಟ್ಟಗಿದೆ, ಅಂದರೆ ಅಪ್‌ರೈಟ್, ಹೀಲ್ ಕಡೆಗೆ ವಾಲಿದ್ದರೆ ಅತಿ ಮಲಗಿದೆ, ಅಂದರೆ ಫ್ಲಾಟ್. ನಿಮ್ಮ ಎತ್ತರ 5 ಅಡಿ 4 ಅಂಗುಲ ಎಂದಿದ್ದೀರಿ, ಆದರೆ ಎತ್ತರವೊಂದರಿಂದಲೇ ಯಾವುದೂ ತೀರ್ಮಾನವಾಗುವುದಿಲ್ಲ. ಮಣಿಕಟ್ಟಿನಿಂದ ನೆಲಕ್ಕೆ ಎಷ್ಟಿದೆ ಎಂಬುದನ್ನು ಶೂ ಹಾಕಿಕೊಂಡೇ ಅಳೆಯಿಸಿ. ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಹೆಡ್ಡುಗಳನ್ನು ಎರಡು ಡಿಗ್ರಿಯವರೆಗೆ ಬಾಗಿಸುವುದು ಸುಲಭ, ಎರಕದವುಗಳಲ್ಲಿ ಕೆಲವು ಮುರಿಯುವ ಭಯವಿರುತ್ತದೆ. ಆದ್ದರಿಂದ ಎಲ್ಲಿ ಬಾಗಿಸಬಹುದು, ಯಾರು ಬಾಗಿಸಿಕೊಡುತ್ತಾರೆ ಎಂಬುದನ್ನು ಕೊಳ್ಳುವ ಮುನ್ನವೇ ಕೇಳಿ.

ಡ್ರೈವರಿನ ವಿಷಯದಲ್ಲಿ 9 ಡಿಗ್ರಿ ಬೇಡವೇ ಬೇಡ. ಗಂಟೆಗೆ 90 ಮೈಲಿಯ ಆಸುಪಾಸಿನ ಸ್ವಿಂಗಿಗೆ ಚೆಂಡು ಗಾಳಿಯಲ್ಲಿ ನಿಲ್ಲಬೇಕಾದರೆ 10.5 ಕನಿಷ್ಠ, 12 ಆದರೂ ನಾಚಬೇಕಿಲ್ಲ. "ಲೋ ಲಾಂಚ್", "ಮಿಡ್ ಲಾಂಚ್" ಎಂದು ಶಾಫ್ಟಿನ ಮೇಲೆ ಏನು ಬರೆದಿದ್ದರೂ, ಲಾಫ್ಟ್ ಮಾಡುವಷ್ಟು ಕೆಲಸವನ್ನು ಶಾಫ್ಟು ಮಾಡುವುದಿಲ್ಲ. ಉದ್ದವನ್ನೂ ನೋಡಿ: ಅಂಗಡಿಯ ಡ್ರೈವರುಗಳು ಸಾಮಾನ್ಯವಾಗಿ 45.5 ಅಂಗುಲ ಅಥವಾ ಅದಕ್ಕೂ ಉದ್ದ. ನಾನು 44.5ಕ್ಕೆ ಇಳಿಸಿಕೊಂಡ ದಿನದಿಂದ ಫೇರ್‌ವೇ ಕಾಣುತ್ತಿದ್ದೇನೆ. ಆದರೆ ಮೊದಲ ಸಲ ಮನೆಯ ಹಿತ್ತಲಿನಲ್ಲಿ ಗರಗಸ ಹಿಡಿದು ಕತ್ತರಿಸಿ ಗ್ರಿಪ್ ಹಾಕಿ ಬೀಸಿದಾಗ ತುದಿಯಲ್ಲಿ ಹೆಡ್ಡು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅರ್ಧ ಅಂಗುಲ ಕತ್ತರಿಸಿದರೆ, ಬೀಸುವಾಗ ಹೆಡ್ಡು ಎಷ್ಟು ಭಾರವೆನಿಸುತ್ತದೆಂಬ ಅಳತೆಯಾದ ಸ್ವಿಂಗ್‌ವೇಟ್ ಸುಮಾರು 3 ಅಂಕ ಇಳಿಯುತ್ತದೆ, ಹೆಡ್ಡಿಗೆ 2 ಗ್ರಾಂ ಸೇರಿಸಿದರೆ ಸುಮಾರು ಒಂದು ಅಂಕ ಏರುತ್ತದೆ. ಈ ಲೆಕ್ಕದಲ್ಲಿ ಒಂದು ಅಂಗುಲಕ್ಕೆ 12 ಗ್ರಾಮಿನಷ್ಟು ಸೀಸದ ಪಟ್ಟಿ ಬೇಕಾಗುತ್ತದೆ. ಕತ್ತರಿಸುವುದಾದರೆ ಗ್ರಿಪ್ಪಿನ ತುದಿಯಲ್ಲೇ ಕತ್ತರಿಸಿ, ಹೆಡ್ಡಿನ ತುದಿಯನ್ನು ಮುಟ್ಟಬೇಡಿ, ಅಲ್ಲಿ ಕತ್ತರಿಸಿದರೆ ಶಾಫ್ಟು ಗಡುಸಾಗುತ್ತದೆ. ಗ್ರಾಫೈಟಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮುಖಕ್ಕೆ ಮಾಸ್ಕ್ ಇರಲಿ. ಯಾವುದಕ್ಕೂ ಮೊದಲು ಒಂದು ತಿಂಗಳು ಗ್ರಿಪ್ಪನ್ನು ಒಂದು ಅಂಗುಲ ಕೆಳಗೆ ಹಿಡಿದು ಆಡಿ ನೋಡಿ.

ಬ್ರ್ಯಾಂಡಿನ ಬಗ್ಗೆ ಕೇಳಿದ್ದೀರಿ, ನನ್ನ ಅಭಿಪ್ರಾಯ ಪಕ್ಷಪಾತದಿಂದ ಕೂಡಿದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹ್ಯಾಂಡಿಕ್ಯಾಪಿಗೆ ಪಿಂಗ್‌ನ ಜಿ ಸರಣಿಯ ಅಗಲ ತಳದ ಐರನ್‌ಗಳಷ್ಟು ತಪ್ಪು ಹೊಡೆತವನ್ನು ಕ್ಷಮಿಸುವವು ನನಗೆ ಬೇರೆ ಸಿಕ್ಕಿಲ್ಲ. ಲೈ ಕೋನಕ್ಕೆ ಅವರು ಇಟ್ಟಿರುವ ಬಣ್ಣದ ಚುಕ್ಕೆಗಳ ಕ್ರಮವೂ ಅನುಕೂಲ, ಕಪ್ಪು ಚುಕ್ಕೆ ಎಂದರೆ ಸ್ಟ್ಯಾಂಡರ್ಡ್. ಮಿಜುನೋ ಕೈಗೆ ಕೊಡುವ ಸುಖ ಬೇರೆಯೇ, ಆದರೆ ನಿಮಗೆ ಅವರ ಅಗಲ ಮುಖದವೇ ಇರಲಿ, ಬ್ಲೇಡಿನ, ಅಂದರೆ ಆ ತೆಳು ಹೆಡ್ಡಿನ, ಸುಖಕ್ಕೆ ಹ್ಯಾಂಡಿಕ್ಯಾಪ್ ಇನ್ನೂ ಹತ್ತು ಸ್ಟ್ರೋಕ್ ಇಳಿಯಲಿ. ಸ್ರಿಕ್ಸನ್ ನಮ್ಮ ಕಡೆ ಅನ್ಯಾಯವಾಗಿ ಕಡೆಗಣಿತವಾಗಿದೆ. ಇನ್ನು ಪ್ರತಿ ವರ್ಷ ಹತ್ತು ಗಜ ಹೆಚ್ಚು ಎಂದು ಜಾಹೀರಾತು ಮಾಡುವವರ ಲೆಕ್ಕ ನಿಜವಾಗಿದ್ದಿದ್ದರೆ ಇಷ್ಟು ಹೊತ್ತಿಗೆ ನಾವೆಲ್ಲ ಐದು ಹೊಡೆತದ ಲೆಕ್ಕವಿರುವ ಪಾರ್ 5 ಹೋಲಿನ ಗ್ರೀನನ್ನು ಒಂದೇ ಹೊಡೆತದಲ್ಲಿ ಮುಟ್ಟುತ್ತಿದ್ದೆವು. ಆ ಗಜಗಳಲ್ಲಿ ಹೆಚ್ಚಿನವು ಲಾಫ್ಟಿನಲ್ಲಿ ಅಡಗಿವೆ: ಹಿಂದೆ 34, 35 ಡಿಗ್ರಿ ಇದ್ದ 7 ಐರನ್ ಇಂದಿನ ಹಲವು ಸೆಟ್ಟುಗಳಲ್ಲಿ 28ರಿಂದ 30. ಅಂಥ ಸೆಟ್ಟು ಕೊಳ್ಳುವುದು ತಪ್ಪಲ್ಲ, ಆದರೆ ಗ್ರೀನಿನ ಹತ್ತಿರದ ಗಿಡ್ಡ ಹೊಡೆತಗಳಿಗಿರುವ ವೆಜ್‌ಗಳಲ್ಲಿ ಅದರ ಪಿಚಿಂಗ್ ವೆಜ್ 43 ಡಿಗ್ರಿಯಾಗಿ, ನಿಮ್ಮ ಸ್ಯಾಂಡ್ ವೆಜ್ 56 ಇದ್ದರೆ ನಡುವೆ 13 ಡಿಗ್ರಿಯ ಕಂದಕ ಬೀಳುತ್ತದೆ. 48 ಮತ್ತು 52ರ ವೆಜ್‌ಗಳಿಗೆ ಬಜೆಟ್ಟಿನಲ್ಲಿ ಜಾಗ ಇಡಿ.

ಆ ಹಣ 4 ಮತ್ತು 5 ಐರನ್ನುಗಳನ್ನು ಬಿಟ್ಟರೆ ಬರುತ್ತದೆ. ಅವೆರಡರ ಬದಲು, ಚೆಂಡನ್ನು ಸುಲಭವಾಗಿ ಎತ್ತುವ ದಪ್ಪ ಹೆಡ್ಡಿನ ಹೈಬ್ರಿಡ್ ಒಂದನ್ನು ಇಟ್ಟುಕೊಳ್ಳಿ. ದೂರದ ಹಟ ಬೇಡ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ, ಜೊತೆಯ ಆಟಗಾರ್ತಿಯರು ಡ್ರೈವರಿನಲ್ಲಿ ಅವರಿಗಿಂತ ಎಷ್ಟೋ ಮುಂದೆ ಹೊಡೆಯುತ್ತಿದ್ದರು. ಅವರು ಪದಕದ ಬಾಗಿಲವರೆಗೆ ಹೋದದ್ದು ದೂರದಿಂದಲ್ಲ, ಗ್ರೀನಿನ ಸುತ್ತಮುತ್ತಲಿನ ಆಟದಿಂದ ಮತ್ತು ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟರಿನಿಂದ.

ಸಿಮ್ಯುಲೇಟರಿನ ಬಗ್ಗೆಯೂ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಚೆಂಡು ಇಲ್ಲಿ ಶೇಕಡಾ 3ರಿಂದ 4ರಷ್ಟು ಹೆಚ್ಚು ಹಾರುತ್ತದೆ. ಯಂತ್ರವನ್ನು ಯಾವ ಎತ್ತರಕ್ಕೆ ಹೊಂದಿಸಿದ್ದಾರೆ ಎಂದು ಕೇಳದೆ ಅಂಕಿಯನ್ನು ನಂಬಬೇಡಿ, ಇಲ್ಲಿನ ಗಜಗಳನ್ನು ಲೆಕ್ಕವಿಟ್ಟು ಚೆನ್ನೈಗೋ ಕೊಚ್ಚಿಗೋ ಆಡಲು ಹೋದರೆ ಅರ್ಧ ಕ್ಲಬ್ಬಿನಷ್ಟು ಹಿಂದೆ ಬೀಳುತ್ತೀರಿ. ರೇಂಜಿನ ಸವೆದ ಚೆಂಡುಗಳಲ್ಲಿ ಅಳೆಯುವುದಂತೂ ವ್ಯರ್ಥ, ಅಲ್ಲಿ ದೂರ ನೋಡಬೇಡಿ, ಮುಖದ ಮೇಲಿನ ಮಚ್ಚೆಯನ್ನು ಮಾತ್ರ ನೋಡಿ.

ನಿಮ್ಮ ಬರಹಕ್ಕೆ ಉತ್ತರವಾಗಿ ಗುಂಪಿನಲ್ಲಿ ಒಬ್ಬರು "ತೊಗೊಳ್ಳಿ ಸರ್, ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ" ಎಂದು ಬರೆದಿದ್ದಾರೆ. ಅಭ್ಯಾಸವಾಗುವುದು ನಿಜ. ಭಾರದ ಕೋಲಿಗೆ ಹೊಂದಿಕೊಳ್ಳಲು ಮೈ ತನ್ನದೇ ಅಡ್ಡದಾರಿ ಹುಡುಕಿಕೊಳ್ಳುತ್ತದೆ, ಮುಂದೆ ಸರಿಯಾದ ಕೋಲು ಸಿಕ್ಕಿದ ಮೇಲೂ ಆ ಅಡ್ಡದಾರಿ ಬಿಟ್ಟುಹೋಗುವುದಿಲ್ಲ. ನನ್ನ ಬಲಭುಜ ಇಂದಿಗೂ ಇಳಿಯುತ್ತದೆ. ಇನ್ನೊಬ್ಬರು ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಹೊಸ ಸೆಟ್ಟು ಸಿಗುತ್ತದೆಂದು ಕೊಂಡಿ ಹಾಕಿದ್ದಾರೆ. ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದ ಹೊಸ ಮಾದರಿ ಅರ್ಧ ಬೆಲೆಗೆ ಬಂದರೆ ಅದು ನಕಲಿ ಎಂದೇ ಎಣಿಸಿ, ಹೊಸೆಲ್ (ಶಾಫ್ಟು ಕೂರುವ ಹೆಡ್ಡಿನ ಕುತ್ತಿಗೆ) ಮೇಲಿನ ಸೀರಿಯಲ್ ಸಂಖ್ಯೆಯನ್ನು ಕಂಪನಿಗೆ ಕಳುಹಿಸಿ ಖಚಿತಪಡಿಸಿಕೊಳ್ಳುವವರೆಗೆ ಹಣ ಕೊಡಬೇಡಿ. ಬಳಸಿದ ಸೆಟ್ಟನ್ನು ಪರಿಚಿತರಿಂದ ಕೊಳ್ಳುವುದು ಇದಕ್ಕಿಂತ ನೂರು ಪಾಲು ಮೇಲು. ಹಾಗೆ ಕೊಳ್ಳುವಾಗ ಡ್ರೈವರಿನ ಶಾಫ್ಟು ಬೇರೆ ಕಂಪನಿಯ ಹೆಡ್ಡಿಗೆ ಹಾಗೆಯೇ ಕೂರುವುದಿಲ್ಲ, ಅಡಾಪ್ಟರ್ ಬದಲಿಸಬೇಕಾಗುತ್ತದೆ ಎಂಬುದು ನೆನಪಿರಲಿ.

ವೆಜ್ ಆರಿಸುವಾಗ ಬೌನ್ಸ್, ಅಂದರೆ ತಳ ನೆಲಕ್ಕೆ ಹೂಳದಂತೆ ಇಟ್ಟಿರುವ ಓರೆ, ನೋಡುವವರೇ ಕಡಿಮೆ. ಮಾರ್ಚಿನಿಂದ ಮಳೆ ಬರುವವರೆಗೆ ನಮ್ಮ ಕೋರ್ಸುಗಳ ಅಂಚಿನ ಕೆಂಪು ನೆಲ ಕಲ್ಲಾಗಿರುತ್ತದೆ. ಅಲ್ಲಿ 14 ಡಿಗ್ರಿ ಬೌನ್ಸಿನ ವೆಜ್ ನೆಲಕ್ಕೆ ಬಡಿದು ಪುಟಿದು ಚೆಂಡಿನ ಹೊಟ್ಟೆಗೆ ಹೊಡೆಯುತ್ತದೆ. ಜುಲೈಯಲ್ಲಿ ಅದೇ ನೆಲ ಹಿಟ್ಟಿನಂತಾಗಿ 6 ಡಿಗ್ರಿಯದು ಹೂತುಹೋಗುತ್ತದೆ. ನಾನು 52ರಲ್ಲಿ 8, 56ರಲ್ಲಿ 12 ಇಟ್ಟುಕೊಂಡು ನೆಲಕ್ಕೆ ತಕ್ಕಂತೆ ಬದಲಿಸುತ್ತೇನೆ.

ಶನಿವಾರ ಹೋಗುವುದಿದ್ದರೆ ಹೋಗಿ, ಆದರೆ ಬೆಳಗ್ಗೆ ಒಂಬತ್ತು ಹೋಲು ಆಡಿಯೇ ಹೋಗಿ. ನಿಮ್ಮದೇ ಚೆಂಡು, ನಿಮ್ಮದೇ ಶೂ, ಕೈಗವಸು ಮತ್ತು ಹಳೆಯ 7 ಐರನ್ ಜೊತೆಗಿರಲಿ. ಯಂತ್ರದಲ್ಲಿ ಮೊದಲು ಹಳೆಯದರಿಂದ ಹತ್ತು ಹೊಡೆದು ಅಂಕಿ ಬರೆದಿಟ್ಟುಕೊಳ್ಳಿ, ಆಮೇಲೆ 85 ಗ್ರಾಮಿನಿಂದ ಶುರುಮಾಡಿ ಮೇಲಕ್ಕೆ ಹೋಗಿ. ಮುಂಗಡ ಕೊಟ್ಟಿದ್ದರೆ ಅದೇ ಹಣದಲ್ಲಿ ಶಾಫ್ಟ್ ಬದಲಿಸಿ ಕೊಡುತ್ತಾರೆಯೇ ಎಂದು ಕೇಳಿ. ಎರಡೂ ಕ್ಲಬ್ಬುಗಳ ಮುಖದ ಚಿತ್ರವನ್ನು ಸಂಜೆ ಇಲ್ಲಿ ಹಾಕಿ, ಮಚ್ಚೆ ನೋಡಿಯೇ ಮುಂದಿನದನ್ನು ಮಾತಾಡೋಣ.