ಸೋಫಾದಲ್ಲಿ ಕೂತ್ರೆ ಬಾಸ್ ಮಾಯ

ಪ್ರಶ್ನೆ: ನಮ್ಮ ಹೋಮ್ ಥಿಯೇಟರ್ ರೂಮು 24 ಅಡಿ ಉದ್ದ, 18 ಅಡಿ ಅಗಲ. ಮುಂದಿನ ಮೂಲೇಲಿ 10 ಇಂಚಿನ ಸಬ್‌ವೂಫರ್ (ಬಾಸ್, ಅಂದ್ರೆ ತಗ್ಗಿನ ಗಡಸು ಸದ್ದಿಗೆ ಅಂತಲೇ ಇರೋ ಸ್ಪೀಕರ್) ಇದೆ. ಹಿಂದಿನ ಗೋಡೆ ಹತ್ರ ನಿಂತ್ರೆ ಎದೆ ನಡುಗತ್ತೆ, ಮಧ್ಯದ ಸೋಫಾದಲ್ಲಿ ಬಾಸೇ ಇಲ್ಲ. ಡಬಲ್ ವ್ಯಾಟ್‌ದು ತಗೊಳ್ಳೋದಾ ಸರ್?

ಉತ್ತರ: ದಯವಿಟ್ಟು ಈಗ್ಲೇ ದುಡ್ಡು ಸುರಿಬೇಡಿ. ವ್ಯಾಟ್ ಡಬಲ್ ಮಾಡಿದ್ರೂ ಸಿಗೋದು ಬರೀ 3 ಡೆಸಿಬಲ್ (ಸದ್ದಿನ ಜೋರಿನ ಅಳತೆ), ಅದೂ ನಿಮ್ಮ ಸೋಫಾ ಜಾಗಕ್ಕೆ ಉಪಯೋಗ ಇಲ್ಲ, ಯಾಕಂದ್ರೆ 24 ಅಡಿ ರೂಮಲ್ಲಿ ಸುಮಾರು 23 ಹರ್ಟ್ಸ್ (ಸೆಕೆಂಡಿಗೆ 23 ಕಂಪನ) ಸದ್ದಿನ ಅಲೆ ಎರಡು ಗೋಡೆ ಮಧ್ಯೆ ನಿಂತುಬಿಡತ್ತೆ, ಗೋಡೆ ಹತ್ರ ಜೋರು, ನಟ್ಟನಡುವೆ ಸೊನ್ನೆ, ನೀವು ಕೂತಿರೋದು ಸರಿಯಾಗಿ ಅಲ್ಲೇ! ಮೊದ್ಲು ಸೋಫಾನ ಮೂರ್ನಾಲ್ಕು ಅಡಿ ಹಿಂದಕ್ಕೆ ಎಳೀರಿ. ಆಮೇಲೆ ಸಬ್‌ನ ಸೋಫಾ ಜಾಗದಲ್ಲೇ ಇಟ್ಟು, ಬಾಸ್ ಜಾಸ್ತಿ ಇರೋ ಒಂದು ಟ್ಯೂನ್ ಹಾಕಿ, ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆಗುಂಟ ಹೋಗಿ ಕೇಳಿ, ಒಂದೊಂದು ನೋಟೂ ಸಮವಾಗಿ, ಗುಂಯ್‌ಗುಡದೆ ಕೇಳೋ ಜಾಗವೇ ಸಬ್‌ಗೆ ಜಾಗ. ಕ್ರಾಸ್‌ಓವರ್ (ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ಗೆ ಹೋಗ್ಬೇಕು ಅನ್ನೋ ಸೆಟ್ಟಿಂಗ್) 80 ಹರ್ಟ್ಸ್‌ಗೆ ಇರ್ಲಿ.

ಆಮೇಲೂ ಕೊಳ್ಳೋ ಮನಸ್ಸಿದ್ರೆ ಒಂದು ದೈತ್ಯಕ್ಕಿಂತ ಎರಡು 12 ಇಂಚಿನವು ತಗೊಳ್ಳಿ, ಮುಂದಿನ ಗೋಡೆ ಮಧ್ಯ ಒಂದು, ಹಿಂದಿನ ಗೋಡೆ ಮಧ್ಯ ಒಂದು. ಇಷ್ಟು ದೊಡ್ಡ ರೂಮಿಗೆ ಪೋರ್ಟ್ (ಗಾಳಿ ಹೋಗಿಬರೋ ತೂತು) ಇರೋ ಬಾಕ್ಸೇ ನನ್ನ ಆಯ್ಕೆ.