ಸಿಡ್ನಿಯ ಕ್ರೈಸ್ತ ಶಾಲೆಗೆ ಮಗಳನ್ನು ಸೇರಿಸುವ ಮುನ್ನ

ನಮಸ್ಕಾರ. ಕ್ಯಾತ್ಸಂದ್ರದಿಂದ ಸಿಡ್ನಿಗೆ ಬಂದು ಮನೆ ಮಾಡಿರುವ ನೀವು, ಹತ್ತಿರದಲ್ಲೇ ಇರುವ ಸ್ವತಂತ್ರ ಕ್ರೈಸ್ತ ಶಾಲೆಗೆ ಮಗಳನ್ನು ಏಳನೆಯ ತರಗತಿಗೆ ಸೇರಿಸಬಹುದೇ, ಅಲ್ಲಿ ಮತಾಂತರದ ಒತ್ತಡವಿರುತ್ತದೆಯೇ, ನಮ್ಮ ಊಟ ಮತ್ತು ಹಬ್ಬಗಳಿಗೆ ಏನು ಗತಿ ಎಂದು ಕೇಳಿದ್ದೀರಿ. ನಾನೂ ತುಮಕೂರಿನವನೇ. ನನ್ನ ಮಕ್ಕಳಿಬ್ಬರೂ ಅಂಥದ್ದೇ ಒಂದು ಶಾಲೆಯಲ್ಲಿ ಓದಿದವರು. ಅದಕ್ಕಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆಸ್ಟ್ರೇಲಿಯಾದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಸರ್ಕಾರೇತರ ಶಾಲೆಗಳಲ್ಲಿ ಓದುತ್ತಾರೆ. ಅವುಗಳಲ್ಲಿ ಕ್ಯಾಥೊಲಿಕ್ ಶಾಲೆಗಳದೇ ಒಂದು ದೊಡ್ಡ ವ್ಯವಸ್ಥೆ. ಅದಕ್ಕೆ ಸೇರದವು ಸ್ವತಂತ್ರ ಶಾಲೆಗಳು. ಪ್ಯಾರಮ್ಯಾಟಾದ ಕಿಂಗ್ಸ್ ಸ್ಕೂಲ್‌ನಂಥ, 1831ರಲ್ಲಿ ಸ್ಥಾಪನೆಯಾದ ಶ್ರೀಮಂತ ಆಂಗ್ಲಿಕನ್ ಶಾಲೆಯೂ ಇವುಗಳಲ್ಲೊಂದು. ಆದರೆ ನೀವು ಕೇಳಿರುವ ಬಗೆಯ ಶಾಲೆಗಳ ಹುಟ್ಟು ಬೇರೆ. ಎರಡನೆಯ ಮಹಾಯುದ್ಧದ ನಂತರ ಹಾಲೆಂಡಿನಿಂದ ವಲಸೆ ಬಂದ, ಪ್ರಾಟೆಸ್ಟೆಂಟರಲ್ಲೇ ಕ್ಯಾಲ್ವಿನ್‌ನ ಬೋಧನೆಯನ್ನು ಅನುಸರಿಸುವ ರಿಫಾರ್ಮ್ಡ್ ಪಂಥದ ಕುಟುಂಬಗಳು, ಮಕ್ಕಳ ಶಿಕ್ಷಣ ಸರ್ಕಾರದ್ದೂ ಅಲ್ಲ, ಚರ್ಚಿನದ್ದೂ ಅಲ್ಲ, ತಂದೆತಾಯಿಯರ ಹೊಣೆ ಎಂದು ನಂಬಿದ್ದವು. ಹಾಗೆ ನಂಬಿ 1962ರಲ್ಲಿ ಟ್ಯಾಸ್ಮೇನಿಯಾದ ಕಿಂಗ್‌ಸ್ಟನ್‌ನಲ್ಲಿ ಕ್ಯಾಲ್ವಿನ್ ಕ್ರಿಶ್ಚಿಯನ್ ಸ್ಕೂಲನ್ನು ತೆರೆದವು. ಪೋಷಕರ ಸಂಘವೇ ನಡೆಸುವ ಇಂಥ ಶಾಲೆಗಳು ಮುಂದೆ ಬೇರೆ ರಾಜ್ಯಗಳಲ್ಲೂ ಬೆಳೆದವು. ನಮ್ಮಂತೆಯೇ ಪರದೇಶಕ್ಕೆ ಬಂದು, ಮಕ್ಕಳ ಕೈಯಿಂದ ತಮ್ಮ ನಂಬಿಕೆ ಜಾರಿಹೋದೀತೆಂದು ಕಳವಳಪಟ್ಟವರು ಕಟ್ಟಿದ ಶಾಲೆಗಳು ಇವು ಎಂಬುದನ್ನು ಅರಿತ ಮೇಲೆ ನನಗೆ ಅವರ ಬಗ್ಗೆ ಗೌರವ ಹೆಚ್ಚಿತು.

ಸರ್ಕಾರದ ಹಣ ಇವುಗಳಿಗೆ ಸುಲಭವಾಗಿ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಚರ್ಚ್ ಶಾಲೆಗಳ ಅನುದಾನ ನಿಂತುಹೋಗಿತ್ತು. 1962ರಲ್ಲಿ ಗೌಲ್ಬರ್ನ್ ಪಟ್ಟಣದ ಒಂದು ಕ್ಯಾಥೊಲಿಕ್ ಶಾಲೆಗೆ ಹೆಚ್ಚುವರಿ ಶೌಚಾಲಯ ಕಟ್ಟಿಸಬೇಕೆಂದು ಅಧಿಕಾರಿಗಳು ಹೇಳಿದಾಗ, ಹಣವಿಲ್ಲದ ಅಲ್ಲಿನ ಕ್ಯಾಥೊಲಿಕರು ಊರಿನ ತಮ್ಮ ಶಾಲೆಗಳನ್ನೆಲ್ಲ ಮುಚ್ಚಿ, ಮಕ್ಕಳನ್ನು ಸರ್ಕಾರಿ ಶಾಲೆಗಳ ಬಾಗಿಲಿಗೆ ಕಳುಹಿಸಿದರು. ಅಷ್ಟು ಮಕ್ಕಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಮರುವರ್ಷ ಪ್ರಧಾನಿ ಮೆನ್ಝೀಸ್ ಎಲ್ಲ ಬಗೆಯ ಶಾಲೆಗಳಿಗೂ ವಿಜ್ಞಾನ ಪ್ರಯೋಗಾಲಯಕ್ಕೆ ನೆರವು ಕೊಡುವುದಾಗಿ ಚುನಾವಣೆಯಲ್ಲಿ ಮಾತು ಕೊಟ್ಟರು. ಶಾಲೆಗಳ ಸ್ಥಿತಿಗತಿಯ ಬಗ್ಗೆ ಸರ್ಕಾರಕ್ಕೆ ಸಲ್ಲಿಕೆಯಾದ 1973ರ ಕಾರ್ಮೆಲ್ ವರದಿಯ ನಂತರ ಅಗತ್ಯಕ್ಕೆ ತಕ್ಕ ಅನುದಾನದ ಪದ್ಧತಿ ಬೇರೂರಿತು. 1981ರಲ್ಲಿ ಇಲ್ಲಿನ ಹೈಕೋರ್ಟ್, ಅಂದರೆ ಈ ದೇಶದ ಅತ್ಯುನ್ನತ ನ್ಯಾಯಾಲಯ, ಇದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ತೀರ್ಪು ನೀಡಿತು.

ಈ ಇತಿಹಾಸವನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮ ಭಾರತದ ಸಂವಿಧಾನದ 28ನೆಯ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸರ್ಕಾರದ ಹಣ ಪಡೆದರೂ ಇಲ್ಲಿನ ಸ್ವತಂತ್ರ ಕ್ರೈಸ್ತ ಶಾಲೆಯಲ್ಲಿ ಹಾಗಲ್ಲ. ಪ್ರವೇಶಪತ್ರಕ್ಕೆ ನೀವು ಹಾಕುವ ಸಹಿಯೇ ಸಾಮಾನ್ಯವಾಗಿ ಆ ಒಪ್ಪಿಗೆಯೂ ಆಗಿರುತ್ತದೆ. ಬೈಬಲ್ ತರಗತಿಯಿಂದಾಗಲಿ, ಚಾಪೆಲ್ ಎಂಬ ವಾರದ ಪ್ರಾರ್ಥನಾ ಸಭೆಯಿಂದಾಗಲಿ ವಿನಾಯಿತಿ ಸಿಗುವುದೆಂದು ನಂಬಿಕೊಂಡು ಸೇರಿಸಬೇಡಿ. ಸರ್ಕಾರಿ ಶಾಲೆಯಲ್ಲಾದರೆ ವಾರಕ್ಕೊಮ್ಮೆ ನಡೆಯುವ ಧರ್ಮಬೋಧನೆಯಿಂದ ಮಗುವನ್ನು ಹೊರಗಿಡಬಹುದು. ಕೆಲವು ಕಡೆ ಹಿಂದೂ ಧರ್ಮಬೋಧನೆಯ ತರಗತಿಯೂ ಇರುತ್ತದೆ.

ಇನ್ನು ಶಾಲೆಯ ದಿನಚರಿ. ವರ್ಷ ಜನವರಿ ಕೊನೆಗೆ ಅಥವಾ ಫೆಬ್ರವರಿ ಮೊದಲಿಗೆ ಆರಂಭವಾಗಿ ನಾಲ್ಕು ಟರ್ಮ್‌ಗಳಲ್ಲಿ ಡಿಸೆಂಬರಿಗೆ ಮುಗಿಯುತ್ತದೆ. ನಮ್ಮ ಮಕ್ಕಳ ಶಾಲೆಯಲ್ಲಿ ಬೆಳಿಗ್ಗೆ ತರಗತಿಯ ಶಿಕ್ಷಕರು ಒಂದು ಬೈಬಲ್ ವಚನ ಓದಿ, ಕಾಯಿಲೆ ಬಿದ್ದ ಸಹಪಾಠಿಯ ಹೆಸರು ಹಿಡಿದು ಪ್ರಾರ್ಥಿಸಿ ಪಾಠಕ್ಕೆ ತೊಡಗುತ್ತಿದ್ದರು. ಪಠ್ಯಕ್ರಮ ಮಾತ್ರ ರಾಜ್ಯದ್ದೇ: ಏಳು ಮತ್ತು ಒಂಬತ್ತನೆಯ ತರಗತಿಯಲ್ಲಿ ಓದು, ಬರಹ, ಲೆಕ್ಕ ಅಳೆಯುವ ದೇಶವ್ಯಾಪಿ ನ್ಯಾಪ್ಲಾನ್ ಪರೀಕ್ಷೆ, ಹನ್ನೆರಡರಲ್ಲಿ ಶಾಲೆ ಮುಗಿಸುವ ರಾಜ್ಯಮಟ್ಟದ ಪರೀಕ್ಷೆಯಾದ ಎಚ್‌ಎಸ್‌ಸಿ. ಈಜಿನ ಸ್ಪರ್ಧೆ, ಹೌಸ್‌ಗಳ ನಡುವಿನ ಆಟೋಟ, ಟೆಂಟ್ ಹಾಕಿ ರಾತ್ರಿ ಉಳಿಯುವ ಕ್ಯಾಂಪ್, ವೃದ್ಧಾಶ್ರಮಗಳಿಗೆ ಹೋಗಿ ಮಾಡುವ ಸೇವೆ, ಇವೆಲ್ಲ ಓದಿನಷ್ಟೇ ಮುಖ್ಯವೆಂದು ಅವರು ಎಣಿಸುತ್ತಾರೆ. ಮಗಳಿಗೆ ಈಜು ಬಾರದಿದ್ದರೆ ಈಗಲೇ ಕಲಿಸಿ.

ಊಟದ ವಿಷಯದಲ್ಲಿ ಚಿತ್ರಾನ್ನ, ಚಪಾತಿಯ ಡಬ್ಬಿ ಕಟ್ಟಿಕೊಟ್ಟರೆ ತೊಂದರೆಯಿಲ್ಲ. ಕಡಲೆಕಾಯಿಯ ಅಲರ್ಜಿಯ ಭಯದಿಂದ ಅನೇಕ ಶಾಲೆಗಳು ಅದನ್ನು ತರಬಾರದೆನ್ನುವುದರಿಂದ ಒಗ್ಗರಣೆಗೆ ಹಾಕುವಾಗ ನೆನಪಿರಲಿ. ಕ್ಯಾಂಪಿಗೆ ಹೋಗುವಾಗ ಸಸ್ಯಾಹಾರಿ ಎಂದು ಮೊದಲೇ ಬರೆದುಕೊಡಬೇಕು. ಕುಂಕುಮ, ಬಳೆ, ಕಿವಿಯೋಲೆಗಳ ಬಗ್ಗೆ ಸಮವಸ್ತ್ರದ ನಿಯಮ ಬಿಗಿಯಾಗಿರಬಹುದು. ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ದಸರಾ ಕೆಲವು ವರ್ಷ ವಸಂತದ ರಜೆಯಲ್ಲೇ ಬೀಳುತ್ತದೆ. ಯುಗಾದಿಗೆ, ದೀಪಾವಳಿಗೆ ರಜೆಯಿಲ್ಲ. ಹನ್ನೆರಡನೆಯ ತರಗತಿಯಲ್ಲಂತೂ ದೀಪಾವಳಿಯ ಹೊತ್ತಿಗೇ ಎಚ್‌ಎಸ್‌ಸಿ ಬರವಣಿಗೆ ನಡೆಯುತ್ತಿರುತ್ತದೆ.

ಮತಾಂತರದ ಪ್ರಶ್ನೆಗೆ ನನ್ನ ಉತ್ತರವಿದು. ನನ್ನ ಮಕ್ಕಳನ್ನು ಯಾರೂ ಬಲವಂತ ಮಾಡಲಿಲ್ಲ. ಆದರೆ ತಮ್ಮ ನಂಬಿಕೆಯೇ ಸತ್ಯವೆಂದು ಆ ಶಿಕ್ಷಕರು ಮನಸಾರೆ ನಂಬಿದವರು, ಅದನ್ನು ಮರೆಮಾಚುವವರೂ ಅಲ್ಲ. ಮನೆಯಲ್ಲಿ ಪೂಜೆಯ ಅರ್ಥವನ್ನು, ವಚನಗಳನ್ನು ಮಗಳ ಜೊತೆ ಕುಳಿತು ಮಾತನಾಡುವ ರೂಢಿ ನಿಮ್ಮಲ್ಲಿದ್ದರೆ ಅವಳು ಎರಡನ್ನೂ ಗೌರವಿಸುವುದನ್ನು ಕಲಿಯುತ್ತಾಳೆ. ಸಿದ್ಧಗಂಗಾ ಮಠದ ಸಾಮೂಹಿಕ ಪ್ರಾರ್ಥನೆಯಲ್ಲಿ ಎಲ್ಲ ಮತದ ಮಕ್ಕಳೂ ಕೂರುವುದನ್ನು ಕಂಡು ಬೆಳೆದ ನಮಗೆ ಇದು ತೀರಾ ಅಪರಿಚಿತವೇನಲ್ಲ. ಮನೆಯಲ್ಲಿ ಆ ಮಾತುಕತೆಗೆ ಬಿಡುವಿಲ್ಲದಿದ್ದರೆ, ಅಥವಾ ಬೈಬಲ್ ಪಾಠವೇ ನಿಮಗೆ ಮುಜುಗರವೆನಿಸಿದರೆ, ಸರ್ಕಾರಿ ಶಾಲೆಗೇ ಸೇರಿಸಿ. ಅದು ಯಾವ ರೀತಿಯಲ್ಲೂ ಕಡಿಮೆಯಲ್ಲ. ಶಿಸ್ತು ಬೇಕು, ಧರ್ಮ ಬೇಡ ಎಂಬ ಲೆಕ್ಕಾಚಾರದಿಂದ ಮಾತ್ರ ಸೇರಿಸಬೇಡಿ. ಹೆತ್ತವರ ಅರೆಮನಸ್ಸಿನ ಭಾರವನ್ನು ಮಗು ಹೊರಬೇಕಾಗುತ್ತದೆ.

ಎಲ್ಲ ಕ್ರೈಸ್ತ ಶಾಲೆಗಳೂ ಅನ್ಯಧರ್ಮೀಯರಿಗೆ ತೆರೆದಿರುವುದಿಲ್ಲ. ಕೆಲವು ಚರ್ಚಿಗೆ ಹೋಗುವ ಕುಟುಂಬಗಳನ್ನಷ್ಟೇ ಸೇರಿಸಿಕೊಳ್ಳುತ್ತವೆ. ತಾತ್ಕಾಲಿಕ ವೀಸಾದವರಿಗೆ ಶುಲ್ಕ ಬೇರೆಯಾಗಿರಬಹುದು, ಕೆಲವು ವೀಸಾಗಳಿಗೆ ಸರ್ಕಾರಿ ಶಾಲೆಯಲ್ಲೂ ಶುಲ್ಕವಿದೆ. ಮಧ್ಯದಲ್ಲಿ ಬಿಡಿಸುವುದಾದರೆ ಒಂದು ಟರ್ಮ್ ಮೊದಲೇ ಲಿಖಿತವಾಗಿ ತಿಳಿಸಬೇಕೆಂಬ, ಇಲ್ಲವಾದರೆ ಆ ಟರ್ಮಿನ ಶುಲ್ಕ ಕಟ್ಟಬೇಕೆಂಬ ಷರತ್ತು ಬಹುತೇಕ ಕಡೆ ಇರುತ್ತದೆ. ಪ್ರವೇಶಪತ್ರ ಕೈಗೆ ಬಂದ ಮೇಲೆ, ಸಹಿ ಹಾಕುವ ಮೊದಲು, ಮಗಳನ್ನೂ ಕರೆದುಕೊಂಡು ಒಂದು ದಿನ ಅವರ ಚಾಪೆಲ್ ಸಭೆಯಲ್ಲಿ ಕುಳಿತು ಬರಲು ಅನುಮತಿ ಕೇಳಿ.